ಅಧ್ಯಾಪಕರ ಗಂಟೆಯ ಲೆಕ್ಕ

ವಿಶ್ವವಿದ್ಯಾನಿಲಯದ ಅಧ್ಯಾಪಕರಿಗೆ ವಾರಕ್ಕೆ ಹದಿನಾರೇ ಗಂಟೆಗಳ ಕೆಲಸವೆಂದು ಕಚೇರಿಗಳಲ್ಲಿಯೂ ರೈಲುಗಾಡಿಗಳಲ್ಲಿಯೂ ಮಹನೀಯರು ಹಾಸ್ಯವಾಡುವುದನ್ನು ನಾವು ಅನೇಕ ವೇಳೆ ಕೇಳಿರುವೆವು. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2018ರಲ್ಲಿ ಹೊರಡಿಸಿದ ನಿಯಮಾವಳಿಯು ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆಗಳ, ಅವರ ಮೇಲಿನವರಿಗೆ 14 ಗಂಟೆಗಳ ಪಾಠವನ್ನು ವಿಧಿಸಿದುದು ನಿಜ. ಆದರೆ ಒಟ್ಟು ಕೆಲಸವು ವಾರಕ್ಕೆ 40 ಗಂಟೆಗಳಿಗೆ ಕಡಮೆಯಾಗಕೂಡದೆಂದೂ ಅದೇ ನಿಯಮಾವಳಿಯು ಹೇಳುವುದು. ಹಾಸ್ಯಪ್ರಿಯರು ಆ ಸಾಲಿನವರೆಗೆ ಓದುವುದಿಲ್ಲ.

ಅದಿರಲಿ. ಪಾಠವನ್ನಾದರೂ ಗಡಿಯಾರವಿಟ್ಟು ಅಳೆಯುತ್ತಾರೆ. ಸಂಶೋಧನೆಯ ಮಾರ್ಗದರ್ಶನವನ್ನು ಅಳೆಯುವುದು ತಲೆಯೆಣಿಕೆಯಿಂದ. 2022ರ ಪಿಎಚ್.ಡಿ. ನಿಯಮಗಳ ಮೇರೆಗೆ ಪ್ರಾಧ್ಯಾಪಕರೊಬ್ಬರು ಏಕಕಾಲದಲ್ಲಿ 8 ಮಂದಿಯನ್ನೂ, ಸಹ ಪ್ರಾಧ್ಯಾಪಕರು 6 ಮಂದಿಯನ್ನೂ, ಸಹಾಯಕ ಪ್ರಾಧ್ಯಾಪಕರು 4 ಮಂದಿಯನ್ನೂ ಕೈಕೆಳಗೆ ಇರಿಸಿಕೊಳ್ಳಬಹುದು. ಇನ್ನು ಸಂಶೋಧನೆಗೆಂದು 2018ರ ನಿಯಮಾವಳಿಯು ತೆಗೆದಿರಿಸಿದುದು ವಾರಕ್ಕೆ ಕನಿಷ್ಠ 6 ಗಂಟೆ. ವಾಚಕರೇ ಭಾಗಿಸಿ ನೋಡಲಿ: ಅಷ್ಟರಲ್ಲಿಯೇ ಎಂಟು ಮಂದಿಯನ್ನು ನೋಡುವುದಾದರೆ ತಲೆಗೆ ಮುಕ್ಕಾಲು ಗಂಟೆ, ಗುರುವಿನ ಸ್ವಂತ ಸಂಶೋಧನೆಗೆ ಸೊನ್ನೆ. ಮುನ್ನೂರು ಪುಟಗಳ ಪ್ರಬಂಧದ ಕರಡನ್ನು ಓದಿ, ಉದ್ಧರಿಸಿದ ಶಾಸನಪಾಠವು ಸರಿಯೇ, ತೀರ್ಮಾನಕ್ಕೆ ಆಧಾರವುಂಟೇ ಎಂದು ಪರಿಶೀಲಿಸುವುದು ಮುಕ್ಕಾಲು ಗಂಟೆಯ ಕೆಲಸವೇ? ಆ ಓದು ರಾತ್ರಿಯ ಹೊತ್ತಿಗೆ ಬೀಳುತ್ತದೆ. ಇಲ್ಲವೇ ಓದದೆಯೇ ರುಜು ಬೀಳುತ್ತದೆ. ಎರಡನೆಯದು ನಡೆಯುವುದಿಲ್ಲವೆಂದು ಎದೆಮುಟ್ಟಿ ಹೇಳಬಲ್ಲವರು ಮುಂದೆ ಬರಲಿ.

ಕೇಡಿನ ಮೂಲವು ಇನ್ನೂ ಒಳಗಿದೆ. ಮಾರ್ಗದರ್ಶಕರು ಖಾಯಂ ಅಧ್ಯಾಪಕರೇ ಆಗಿರಬೇಕೆಂಬುದು 2022ರ ನಿಯಮ. ನಮ್ಮ ಕರ್ನಾಟಕದಲ್ಲಿಯೋ, ನಿವೃತ್ತರ ಸ್ಥಾನಗಳನ್ನು ವರ್ಷಾನುಗಟ್ಟಲೆ ತೆರವಾಗಿರಿಸಿ, ಪಾಠಗಳನ್ನು ಅತಿಥಿ ಉಪನ್ಯಾಸಕರಿಂದ ಸಾಗಿಸುವುದು ಪರಿಪಾಠವಾಗಿಬಿಟ್ಟಿದೆ. (ಹತ್ತು ವರ್ಷ ದುಡಿದವರನ್ನೂ ಅತಿಥಿಯೆನ್ನುವುದು ಯಾವ ದೇಶದ ಸತ್ಕಾರವೋ ನಾವರಿಯೆವು!) ಅತಿಥಿಯು ತರಗತಿಯನ್ನು ತುಂಬಬಲ್ಲನು, ಆದರೆ ಎಷ್ಟೇ ವಿದ್ವಾಂಸನಾಗಿರಲಿ, ಒಬ್ಬ ಶಿಷ್ಯನನ್ನೂ ನಡೆಯಿಸುವ ಅಧಿಕಾರ ಆತನಿಗಿಲ್ಲ. ಆದುದರಿಂದ ಐವರಿದ್ದ ವಿಭಾಗದಲ್ಲಿ ಇಬ್ಬರು ಉಳಿದರೆ, ಐವರ ಶಿಷ್ಯವರ್ಗವೂ ಪರೀಕ್ಷಾಕಾರ್ಯವೂ ಸಮಿತಿಗಳೂ ಆ ಇಬ್ಬರ ಹೆಗಲನ್ನೇರುವುವು. ವೇಳಾಪಟ್ಟಿಯಲ್ಲಿ ಮಾತ್ರ ಪಾಠಗಳೆಲ್ಲ ಸಾಂಗವಾಗಿ ನಡೆದಂತೆ ತೋರುವುದು. ಸರಕಾರದವರಿಗೆ ಅಷ್ಟೇ ಸಾಕು.

ಮಾರ್ಗದರ್ಶನದ ಹೊತ್ತನ್ನು, ಪಾಠದ ಹೊತ್ತಿನಂತೆಯೇ, ವೇಳಾಪಟ್ಟಿಯಲ್ಲಿ ಬರೆದು ಲೆಕ್ಕಕ್ಕೆ ಹಿಡಿಯತಕ್ಕದ್ದು. ತೆರವಾದ ಸ್ಥಾನವನ್ನು ತುಂಬುವವರೆಗೆ ಆ ವಿಭಾಗದಲ್ಲಿ ಹೊಸ ಶಿಷ್ಯರ ಪ್ರವೇಶವನ್ನು ತಡೆಹಿಡಿಯತಕ್ಕದ್ದು. ಇದರಿಂದ ಪದವಿಗಳ ಸಂಖ್ಯೆ ಕುಗ್ಗುವುದೆಂದು ಕುಲಪತಿಗಳು ಆಕ್ಷೇಪಿಸಿಯಾರು. ಕುಗ್ಗಲಿ.