ಜಲಮಾರ್ಗದ ದೇಗುಲದರ್ಶನ

ವಿದೇಶಯಾತ್ರೆ ಕೈಗೊಳ್ಳುವ ಅನುಕೂಲಸ್ಥರಲ್ಲಿ ಚೀಣಾದೇಶದ ಯಾಂಗ್‌ಟ್ಸೆ ಮಹಾನದಿಯಲ್ಲಿ ಹಡಗೇರಿ ಸಾಗಿ, ದಡದ ಪ್ರಾಚೀನ ಮಂದಿರಗಳನ್ನು ಕಂಡು ಬರುವವರುಂಟು. ಅಲ್ಲಿ ಬಂಡೆಗೊರಗಿ 12 ಅಂತಸ್ತುಗಳಾಗಿ ಎದ್ದಿರುವ ಶಿಬಾವೋಜಾಯ್ ಎಂಬ ಮರದ ಗೋಪುರವು ಬಹು ಪ್ರಸಿದ್ಧವಾದುದು. ಅಣೆಕಟ್ಟಿನಿಂದ ನೀರು ಏರಿದಾಗ ಅದರ ಸುತ್ತ ಒಡ್ಡು ಕಟ್ಟಿ ಅದನ್ನು ಉಳಿಸಿಕೊಂಡರು. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳವನ್ನು ಜಲಾಶಯದ ನೀರಿನ ನಡುವೆ ಬಾವಿಯಂತಹ ಗೋಡೆಯೊಳಗೆ ರಕ್ಷಿಸಿರುವುದನ್ನು ಬಲ್ಲ ಕನ್ನಡಿಗರಿಗೆ ಇದರಲ್ಲಿ ಅಚ್ಚರಿಯೇನೂ ತೋರದು. ಅಚ್ಚರಿಯ ಸಂಗತಿ ಬೇರೊಂದಿದೆ. ಅಷ್ಟು ದೂರ ಹೋಗಿ ನದಿಯ ಮೇಲಿನಿಂದ ದೇಗುಲವನ್ನು ನೋಡುವ ಜನ, ಕುಂದಾಪುರದಿಂದ ಬಸ್ರೂರಿಗೆ ಹೊರಟಾಗ ದೋಣಿಯನ್ನು ನೆನೆಯುವುದೇ ಇಲ್ಲ.

ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇದಕ ಎಂಬ ಐದು ಹೊಳೆಗಳು ಗಂಗೊಳ್ಳಿಯ ಬಳಿ ಕಡಲನ್ನು ಕೂಡುವ ಅಳಿವೆಯನ್ನು ಪಂಚಗಂಗಾವಳಿ ಎನ್ನುತ್ತಾರೆ. ಈ ಅಳಿವೆಯಿಂದ ಮೂಡಣಕ್ಕೆ, ವಾರಾಹಿಯ ದಡದಲ್ಲಿರುವ ಬಸ್ರೂರು ಒಂದು ಕಾಲಕ್ಕೆ ಅರಬರಿಗೂ ಪೋರ್ಚುಗೀಸರಿಗೂ ಚಿರಪರಿಚಿತವಾದ ರೇವುಪಟ್ಟಣ. ಇಬ್ನ್ ಬತೂತನು ಅದನ್ನು ಅಬುಸರೂರ್ ಎಂದೂ, ಬಾರಕೂರನ್ನು ಫಾಕನೂರ್ ಎಂದೂ ಕರೆದನು. ಇಲ್ಲಿಂದ ಹೊರಟ ಅಕ್ಕಿ ದೂರದ ಹೊರ್ಮುಜ್, ಏಡನ್‌ಗಳವರೆಗೆ ಹೋಗುತ್ತಿತ್ತು. 1665ರ ಫೆಬ್ರವರಿಯಲ್ಲಿ, ಕೆಳದಿಯ ಅರಸರ ಆಳ್ವಿಕೆಯಲ್ಲಿದ್ದ ಈ ಊರನ್ನು ಶಿವಾಜಿಯು ಸೂರೆಮಾಡಿದನಷ್ಟೆ. ಅವನು ಬಂದುದೂ ಹಡಗುಗಳಲ್ಲಿಯೇ, ಮಾಲವಣದಿಂದ.

ಇಂತಹ ಊರಿನ ಮಹಾಲಿಂಗೇಶ್ವರ ದೇವಾಲಯಕ್ಕೆ ಇಂದು ಯಾತ್ರಿಕನು ಬಸ್ಸಿನಲ್ಲಿ ಬಂದಿಳಿದು, ಕೈಮುಗಿದು, ಅರ್ಧ ಗಂಟೆಯಲ್ಲಿ ಹಿಂದಿರುಗುತ್ತಾನೆ. ಭಕ್ತಿಗೆ ಕೊರತೆಯಿಲ್ಲ, ನಿಜ. ಆದರೆ ಅಲ್ಲಿಯ ಶಾಸನಗಳಲ್ಲಿ ಮೂಡುಕೇರಿ, ಪಡುಕೇರಿಗಳ ಹಲರೂ ಸೆಟ್ಟಿಕಾರರೂ ಏಕೆ ಕಾಣಿಸಿಕೊಳ್ಳುತ್ತಾರೆ, ಕರಾವಳಿಯ ದಾನಶಾಸನಗಳು ಮುಡಿ ಅಕ್ಕಿಯ ಲೆಕ್ಕವನ್ನು ಏಕೆ ಅಷ್ಟು ಜತನದಿಂದ ಬರೆದಿಡುತ್ತವೆ ಎಂಬುದು ಡಾಮರು ರಸ್ತೆಯಿಂದ ಬಂದವನಿಗೆ ಹೊಳೆಯುವುದು ಕಷ್ಟ. ಉಬ್ಬರದ ನೀರಿನೊಡನೆ ದೋಣಿಯಲ್ಲಿ ಮೇಲಕ್ಕೆ ಸಾಗಿ ಬಂದವನಿಗೆ ಅದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಹೊಳೆ ತಂದ ಸಂಪತ್ತು ದಡದಲ್ಲಿ ಕಲ್ಲಾಗಿ ನಿಂತಿತು. ಬಾರಕೂರಿನ ಮಾತೂ ಇದೇ: ಸೀತಾ ಹೊಳೆಯನ್ನು ಮರೆತು ಕತ್ತಲೆ ಬಸದಿಯನ್ನೂ ಕೋಟೆಕೇರಿಯ ಪಂಚಲಿಂಗೇಶ್ವರನನ್ನೂ ನೋಡಿದವನು ರಾಜಧಾನಿಯ ಅವಶೇಷವನ್ನು ಕಂಡಾನು, ಅದು ಅಲ್ಲಿಯೇ ಏಕೆ ಬೆಳೆಯಿತೆಂಬ ಮರ್ಮವನ್ನು ಕಾಣಲಾರನು.

ಜನಸಾಮಾನ್ಯರು ಈ ನಂಟನ್ನು ಪೂರ್ತಿಯಾಗಿ ಮರೆತಿಲ್ಲವೆಂಬುದಕ್ಕೆ ಕಮಲಶಿಲೆಯೇ ಸಾಕ್ಷಿ. ಮಳೆಗಾಲದಲ್ಲಿ ಕುಬ್ಜೆಯು ಉಕ್ಕಿ ಬ್ರಾಹ್ಮೀ ದುರ್ಗಾಪರಮೇಶ್ವರಿಯ ಗರ್ಭಗುಡಿಯನ್ನು ಹೊಕ್ಕರೆ ಭಕ್ತರು ಅದನ್ನು ವಿಪತ್ತೆಂದು ಭಾವಿಸದೆ ದೇವಿಯ ಸ್ನಾನವೆಂದೇ ನಂಬಿ ಕಾಯುತ್ತಾರೆ. ಬೈಂದೂರು ತಾಲ್ಲೂಕಿನ ಮರವಂತೆಯಲ್ಲಿ ಒಂದೆಡೆ ಕಡಲು, ಇನ್ನೊಂದೆಡೆ ಕೊಲ್ಲೂರಿನಿಂದ ಹರಿದುಬಂದ ಸೌಪರ್ಣಿಕೆ. ನಡುವೆ ಹೆದ್ದಾರಿ. ವರಾಹಸ್ವಾಮಿಯ ಗುಡಿಯ ಮುಂದೆ ವಾಹನ ನಿಲ್ಲಿಸುವವರು ಕಡಲಿನ ಚಿತ್ರ ತೆಗೆದುಕೊಂಡು ಹೊರಡುತ್ತಾರೆ. ಹಿಂದಿನ ಹೊಳೆಯ ಕಡೆಗೆ ಮೊಗ ತಿರುಗಿಸುವವರು ವಿರಳ.

ಸೇತುವೆಗಳು ಬೇಡವೆಂದು ವಿವೇಕಿಗಳಾರೂ ಹೇಳರು. ಮಳೆಗಾಲದ ಕಡವಿನಲ್ಲಿ ರೋಗಿಯನ್ನಿಟ್ಟುಕೊಂಡು ದೋಣಿಗಾಗಿ ಕಾದವರ ಸಂಕಟ ಅರಿತವರೇ ಅರಿತಾರು. ಆಕ್ಷೇಪವಿರುವುದು ಮರೆವಿನ ಬಗೆಗೆ. ಜೀರ್ಣೋದ್ಧಾರದ ಉತ್ಸಾಹದಲ್ಲಿ ಶಾಸನಶಿಲೆಯು ಮೆಟ್ಟಿಲಾದ, ಬಟ್ಟೆ ಒಗೆಯುವ ಕಲ್ಲಾದ ನಿದರ್ಶನಗಳು ಕನ್ನಡನಾಡಿನಲ್ಲಿ ಒಂದೆರಡಲ್ಲ. ಅಕ್ಷರವು ಒಮ್ಮೆ ಸವೆದರೆ ಯಾವ ಪಂಡಿತನೂ ಅದನ್ನು ಮರಳಿ ಮೂಡಿಸಲಾರನು. ಚೀಣೀಯರು ಗೋಪುರಕ್ಕೆ ಒಡ್ಡು ಕಟ್ಟಿದರು. ಇಲ್ಲಿ ಕಲ್ಲಿಗೊಂದು ನೆರಳು ಕಟ್ಟಿದರೂ ಸಾಕಿತ್ತು.

ಆದುದರಿಂದ ಶಾಲೆಗಳು ಪ್ರವಾಸವನ್ನು ಏರ್ಪಡಿಸುವಾಗ ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಜಲಮಾರ್ಗವಾಗಿ ಬಸ್ರೂರಿಗೆ ಕರೆದೊಯ್ಯುವುದು ಯುಕ್ತ. ದೇವರ ದರ್ಶನವಾದ ಮೇಲೆ ಒಂದೇ ಒಂದು ಶಾಸನದ ಮುಂದೆ ಅವರನ್ನು ಕುಳ್ಳಿರಿಸಿ, ಹಳಗನ್ನಡ ಬಲ್ಲ ಅಧ್ಯಾಪಕರು ಅದನ್ನು ಸಾಲುಸಾಲಾಗಿ ಓದಿ ತೋರಿಸಲಿ. ಹತ್ತು ಗುಡಿಗಳನ್ನು ಓಡೋಡಿ ನೋಡುವುದು ಬೇಡ. ಮಳೆಗಾಲ ಕಳೆದು ಹೊಳೆ ತಿಳಿಯಾದ ಮೇಲೆ ಹೊರಡುವುದು ಕ್ಷೇಮ. ಉಬ್ಬರದ ಹೊತ್ತನ್ನು ಅಂಬಿಗನನ್ನೇ ಕೇಳಿ ನಿಶ್ಚಯಿಸತಕ್ಕದ್ದು. ಆ ಒಂದು ದಿನ ಶಾಲೆಯ ಗಂಟೆ ಅದಕ್ಕೆ ಹೊಂದಿಕೊಳ್ಳಲಿ.