ರಟ್ಟಿನ ಕೋಟೆಯ ರಾಣಿ

ಶಾಂಭವಿ ಹೊಳೆ ಕಡಲನ್ನು ಸೇರುವೆಡೆಯಲ್ಲಿ ನಮ್ಮ ಹೆಜಮಾಡಿಯಿದೆ. ನಾನು ಬಾಲಕನಾಗಿದ್ದಾಗ, ಸುಗ್ಗಿಯ ಕೊಯ್ಲು ಮುಗಿದು ಗದ್ದೆಗಳು ಒಣಗಿದ ಮೇಲೆ ಊರಿಗೆ ಎರಡು ಬಗೆಯ ಡೇರೆಗಳು ಬರುತ್ತಿದ್ದವು. ಒಂದು ಯಕ್ಷಗಾನ ಮೇಳದ್ದು, ಇನ್ನೊಂದು ಸಿನಿಮಾದ್ದು. ಸಿನಿಮಾ ಡೇರೆಯಲ್ಲಿ ನೆಲದ ಮೇಲೆ ಕುಳಿತು ನೋಡುವ ನಮ್ಮಂಥವರಿಗೆ ಟಿಕೆಟ್ಟಿನ ದರ ಅತ್ಯಲ್ಪ. ಅಲ್ಲಿ ನೋಡಿದ ಒಂದು ಚಿತ್ರದ ಹೆಸರನ್ನು ನಾನು ಮರೆತಿದ್ದೇನೆ; ಚಿತ್ರವನ್ನು ಮರೆತಿಲ್ಲ. ರಾಜ್ಯವನ್ನು ಕಳೆದುಕೊಂಡ ರಾಜಕುಮಾರಿಯೊಬ್ಬಳು ಮುಖವಾಡ ಧರಿಸಿ, ಕುದುರೆಯೇರಿ, ಖಡ್ಗ ಹಿಡಿದು ದುಷ್ಟ ಸೇನಾಪತಿಯ ಮೇಲೆ ಯುದ್ಧಕ್ಕೆ ಹೊರಡುತ್ತಾಳೆ. ಹೋರಾಟದ ನಡುವೆ ಅವಳ ಬೆನ್ನು ಕೋಟೆಯ ಗೋಡೆಗೆ ತಾಗಿತು. ಕಲ್ಲಿನ ಕೋಟೆ ಬಟ್ಟೆಯ ಪರದೆಯಂತೆ ಅಲುಗಾಡಿತು. ನಾವು ಹುಡುಗರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ನನ್ನ ಪಕ್ಕದಲ್ಲಿ ಕುಳಿತಿದ್ದ ಅಕ್ಕ ಮಾತ್ರ ನಗಲಿಲ್ಲ. ಅವಳು ಗೋಡೆಯನ್ನು ನೋಡಿರಲೇ ಇಲ್ಲ.

ಮರುದಿನ ಬೆಳಗ್ಗೆ ಅಕ್ಕ ತೋಟದಲ್ಲಿ ಒಣಗಿದ ಕೊತ್ತಳಿಗೆಯೊಂದನ್ನು ಖಡ್ಗದಂತೆ ಹಿಡಿದು ತೆಂಗಿನ ಮರಗಳೊಡನೆ ಯುದ್ಧ ಮಾಡುತ್ತಿದ್ದಳು. ಅದನ್ನು ಕಂಡ ಅಜ್ಜಿ, "ಹೆಣ್ಣುಮಗಳಿಗೆ ಅದೆಲ್ಲ ಏಕೆ ಮಗಾ? ನಿನಗೆ ಮೆಟ್ಟುಕತ್ತಿ ಸಾಕು" ಎಂದರು. ಅಜ್ಜಿಯ ಮಾತಿನಲ್ಲಿ ಕೋಪವಿರಲಿಲ್ಲ; ಅವರು ತಾವು ಬಾಳಿದ ಲೋಕದ ನಿಯಮವನ್ನು ತಿಳಿಸಿದರು, ಅಷ್ಟೆ. ಅಕ್ಕ ಕೊತ್ತಳಿಗೆಯನ್ನು ಒಲೆಯ ಬಳಿ ಸೌದೆಯ ರಾಶಿಗೆ ಹಾಕಿ ಒಳಗೆ ಹೋದಳು.

ಕಡಿಮೆ ಖರ್ಚಿನ ಇಂಥ ಮಾಯಾಲೋಕದ ಸಾಹಸಚಿತ್ರಗಳನ್ನು ವಿದ್ಯಾವಂತರು ಹೀಗಳೆಯುವುದು ವಾಡಿಕೆ. ರಟ್ಟಿನ ಅರಮನೆ, ದಾರಕ್ಕೆ ಕಟ್ಟಿ ಹಾರಿಸಿದ ಬಾಣ, ಬಣ್ಣದ ಹೊಗೆ ಇವುಗಳಲ್ಲಿ ಕಲೆಯೇನಿದೆ ಎಂದು ಅವರು ಕೇಳುತ್ತಾರೆ. ಯಕ್ಷಗಾನ ನೋಡಿ ಬೆಳೆದ ನಮಗೆ ಈ ಆಕ್ಷೇಪ ಹಿಡಿಸುವುದಿಲ್ಲ. ರಂಗಸ್ಥಳದಲ್ಲಿ ಅರಮನೆಯೂ ಇಲ್ಲ, ಅರಣ್ಯವೂ ಇಲ್ಲ. ಒಂದು ಪೀಠವಿದ್ದರೆ ಅದೇ ಸಿಂಹಾಸನ, ಅದೇ ರಥ, ಅದೇ ಪರ್ವತ. ಉಳಿದುದನ್ನು ಪ್ರೇಕ್ಷಕನ ಮನಸ್ಸು ತುಂಬಿಕೊಳ್ಳುತ್ತದೆ. ಬಡತನ ಕಲೆಗೆ ದೋಷವಲ್ಲ.

ಈ ಮಾತಿಗೆ ನಮ್ಮ ನೆರೆಯಲ್ಲೇ ಹುಟ್ಟಿದ ಒಬ್ಬರು ನಿದರ್ಶನವಾಗಿದ್ದಾರೆ. ಉಡುಪಿಯ ಬಳಿಯ ಉದ್ಯಾವರದಲ್ಲಿ 1920ರಲ್ಲಿ ಜನಿಸಿದ ಬಿ. ವಿಠಲಾಚಾರ್ಯರು ಊರೂರಿಗೆ ಹೋಗುವ ಡೇರೆ ಸಿನಿಮಾ ನಡೆಸಿ, ಬಳಿಕ ಮೈಸೂರಿನಲ್ಲಿ ಮಿತ್ರರೊಡನೆ ಚಿತ್ರನಿರ್ಮಾಣಕ್ಕಿಳಿದು, ಮುಂದೆ ಮದರಾಸಿನಲ್ಲಿ ನೆಲೆಸಿದರು. ತೆಲುಗು ಚಿತ್ರರಂಗ ಅವರನ್ನು 'ಜಾನಪದ ಬ್ರಹ್ಮ' ಎಂದು ಕರೆಯಿತು. ಮಾಂತ್ರಿಕರು, ಮಾತನಾಡುವ ಪ್ರಾಣಿಗಳು, ಕುಣಿಯುವ ದೆವ್ವಗಳು ಇವೆಲ್ಲವನ್ನೂ ಅವರು ಅಲ್ಪ ವೆಚ್ಚದಲ್ಲಿ ತೆರೆಯ ಮೇಲೆ ತಂದರು. ಹಟ ಹಿಡಿದು ಬಾರದೆ ಹೋದ ನಟನ ಪಾತ್ರವನ್ನು ಶಾಪದ ನೆಪದಿಂದ ಮೇಕೆಯಾಗಿಯೋ ಗಿಳಿಯಾಗಿಯೋ ಮಾರ್ಪಡಿಸಿ ಚಿತ್ರವನ್ನು ಮುಗಿಸುತ್ತಿದ್ದರೆಂಬ ಕತೆ ಚಿತ್ರರಂಗದಲ್ಲಿ ಪ್ರಚಲಿತವಾಗಿದೆ. ಅಂಥ ಕಲ್ಪನಾಶೀಲರ ಚಿತ್ರಗಳಲ್ಲೂ ಖಡ್ಗ ಸಾಮಾನ್ಯವಾಗಿ ನಾಯಕನ ಕೈಯಲ್ಲಿರುತ್ತಿತ್ತು. 1963ರ 'ಬಂದಿಪೋಟು' ಚಿತ್ರದಲ್ಲಿ ಖಡ್ಗ ಹಿಡಿದವರು ಎನ್. ಟಿ. ರಾಮರಾಯರು. 1978ರ 'ಜಗನ್ಮೋಹಿನಿ'ಯಲ್ಲಿ ಹೆಣ್ಣಿಗೆ ಅಪಾರ ಶಕ್ತಿ ದೊರೆಯಿತು, ಆದರೆ ಅವಳು ದೆವ್ವವಾದ ಮೇಲೆ! ಮನುಷ್ಯನನ್ನು ಮೇಕೆ ಮಾಡಬಲ್ಲ ಕಲ್ಪನೆಗೆ ಹೆಣ್ಣನ್ನು ಯೋಧೆಯನ್ನಾಗಿ ಮಾಡುವುದು ಅಷ್ಟೊಂದು ಕಷ್ಟವಾಗಿತ್ತೆ? ವಿಠಲಾಚಾರ್ಯರೊಬ್ಬರನ್ನೇ ದೂರಿ ಫಲವಿಲ್ಲ. ಅದು ಆ ಕಾಲದ ರೂಢಿಯಾಗಿತ್ತು.

ಆದರೆ ರೂಢಿಯನ್ನು ಮುರಿದವರು ಅದಕ್ಕೂ ಬಹಳ ಮೊದಲೇ ಇದ್ದರು. ಮುಂಬಯಿಯ ವಾಡಿಯಾ ಸಹೋದರರ ಸಂಸ್ಥೆ 1935ರಲ್ಲಿ 'ಹಂಟರ್‌ವಾಲಿ' ಎಂಬ ಹಿಂದೀ ಚಿತ್ರವನ್ನು ತೆರೆಗೆ ತಂದಿತು. ಅದರ ನಾಯಕಿ ನಾಡಿಯಾ ಆಸ್ಟ್ರೇಲಿಯಾದಲ್ಲಿ ಹುಟ್ಟಿ ಭಾರತದಲ್ಲಿ ಬೆಳೆದ, ಸರ್ಕಸ್ಸಿನಲ್ಲಿ ದುಡಿದ ಸಾಹಸಿ. ಅನ್ಯಾಯ ಮಾಡಿದವರನ್ನು ಮುಖವಾಡ ಧರಿಸಿ ಚಾಟಿಯಿಂದ ದಂಡಿಸುವ ರಾಜಕುಮಾರಿಯ ಪಾತ್ರ ಅವಳದು. ಕುದುರೆ ಸವಾರಿ, ಎತ್ತರದಿಂದ ಜಿಗಿತ, ಹೊಡೆದಾಟ ಇವುಗಳನ್ನು ಬದಲಿ ನಟರ ನೆರವಿಲ್ಲದೆ ಅವಳೇ ಮಾಡುತ್ತಿದ್ದಳು. ಪ್ರತಿಷ್ಠಿತರು ಇಂಥ ಚಿತ್ರಗಳನ್ನು 'ಸ್ಟಂಟ್ ಚಿತ್ರ' ಎಂದು ಬದಿಗಿಟ್ಟರೂ ಸಾಮಾನ್ಯ ಜನ ಮುಗಿಬಿದ್ದು ನೋಡಿದರು.

ಪೂರ್ವ ದೇಶಗಳಲ್ಲೂ ಇಂಥ ಪ್ರಯತ್ನಗಳು ನಡೆದವು. ಹಾಂಗ್‌ಕಾಂಗಿನಲ್ಲಿ ಕಿಂಗ್ ಹು ನಿರ್ದೇಶಿಸಿದ 'ಕಮ್ ಡ್ರಿಂಕ್ ವಿತ್ ಮಿ' 1966ರಲ್ಲಿ ತೆರೆಕಂಡಿತು. ಅದರಲ್ಲಿ ಖಡ್ಗಧಾರಿಣಿಯಾದ ಚೆಂಗ್ ಪೇ ಪೇ ಮೂಲತಃ ನೃತ್ಯ ಕಲಿತ ತರುಣಿ. ನರ್ತಕಿಯ ಹೆಜ್ಜೆ ಯೋಧೆಯ ಹೆಜ್ಜೆಯಾಗಬಲ್ಲದು ಎಂಬುದನ್ನು ಯಕ್ಷಗಾನದ ನಾಡಿನವರಾದ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಆದರೂ ಆ ಚಿತ್ರದ ಕೊನೆಯ ನಿರ್ಣಾಯಕ ದ್ವಂದ್ವಯುದ್ಧ ನಾಯಕಿಯದಲ್ಲ. ಅವಳಿಗೆ ನೆರವಾಗುವ ಪುರುಷನದು. ಕತೆಯುದ್ದಕ್ಕೂ ಹೋರಾಡಿದವಳು ಕಡೆಯ ಗಳಿಗೆಯಲ್ಲಿ ಪಕ್ಕಕ್ಕೆ ಸರಿಯಬೇಕಾಯಿತು.

ಈ ಕಡೆಯ ಗಳಿಗೆಯ ಬಗೆಗೇ ನನ್ನ ಆಕ್ಷೇಪ. ಇತಿಹಾಸವನ್ನು ಆಧರಿಸಿದ ಚಿತ್ರಕ್ಕೆ ಒಂದು ಕಟ್ಟುಪಾಡಿದೆ. ಬಿ. ಆರ್. ಪಂತುಲು ಅವರ 1961ರ 'ಕಿತ್ತೂರು ಚೆನ್ನಮ್ಮ' ಚಿತ್ರದಲ್ಲಿ ಬಿ. ಸರೋಜಾದೇವಿಯವರ ಚೆನ್ನಮ್ಮ ಎಷ್ಟು ಶೌರ್ಯದಿಂದ ಹೋರಾಡಿದರೂ, 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ರಾಣಿ ಮಡಿದಳೆಂಬ ಸತ್ಯವನ್ನು ಅಳಿಸಲಾಗದು. ಕಲ್ಪನೆಯ ಕತೆಗೆ ಇಂಥ ಬಂಧನವೆಲ್ಲಿದೆ? ರಟ್ಟಿನ ಕೋಟೆಯನ್ನು ಕಲ್ಲಿನದಾಗಿ ಮಾಡಲು ಹಣ ಬೇಕು. ಸೈನಿಕರನ್ನು ಹತ್ತರಿಂದ ನೂರಕ್ಕೆ ಏರಿಸಲು ಹಣ ಬೇಕು. ರಾಜಕುಮಾರಿಯನ್ನು ಅವಳ ಯುದ್ಧದಲ್ಲಿ ಅವಳೇ ಗೆಲ್ಲುವಂತೆ ಮಾಡಲು ಒಂದು ಕಾಸೂ ಹೆಚ್ಚು ಬೇಕಾಗಿಲ್ಲ. ಅದನ್ನೂ ಮಾಡದಿದ್ದರೆ, ಅಲ್ಲಿರುವುದು ಹಣದ ಬಡತನವಲ್ಲ, ಮನಸ್ಸಿನ ಬಡತನ. ಹಾಗೆಯೇ, ಯೋಧೆಯ ಪಾತ್ರವನ್ನು ಅವಳ ಮೈಮಾಟದ ಪ್ರದರ್ಶನಕ್ಕೆ ನೆಪಮಾಡಿಕೊಳ್ಳುವ ಚಿತ್ರಗಳೂ ಉಂಟು. ಅಲ್ಲಿ ಖಡ್ಗ ಅವಳ ಕೈಯಲ್ಲಿದ್ದರೂ ಕತೆ ಅವಳದಲ್ಲ.

ಈ ತಪ್ಪಿನಲ್ಲಿ ನನಗೂ ಪಾಲಿದೆ. ನಾನು ಅಧ್ಯಾಪಕನಾಗಿದ್ದಾಗ ಒಂದು ವರ್ಷ ಶಾಲಾ ವಾರ್ಷಿಕೋತ್ಸವಕ್ಕೆ 'ಪ್ರಮೀಳಾರ್ಜುನ' ಕಥೆಯನ್ನು ನಾಟಕವಾಗಿ ಬರೆದೆ. ಯಕ್ಷಗಾನದಲ್ಲಿ ಪ್ರಮೀಳೆ, ಶಶಿಪ್ರಭೆ, ಮೀನಾಕ್ಷಿ ಮೊದಲಾದ ವೀರನಾರಿಯರಿಗೆ 'ಕಸೆ ಸ್ತ್ರೀವೇಷ' ಎಂಬ ಪ್ರತ್ಯೇಕ ವೇಷವೇ ಇದೆ. ಬಹುಕಾಲ ಆ ವೇಷವನ್ನು ಕಟ್ಟಿದವರು ಗಂಡಸರು. ಆ ಅಭ್ಯಾಸದಿಂದಲೋ ಏನೋ, ಪ್ರಮೀಳೆಯ ಪಾತ್ರವನ್ನು ನಾನು ಗಟ್ಟಿದನಿಯ ಹುಡುಗನೊಬ್ಬನಿಗೆ ಕೊಟ್ಟೆ. ಅರ್ಜುನನು ಅವಳನ್ನು ಸೋಲಿಸಿ ವರಿಸುವಂತೆಯೂ ಬರೆದೆ. ತಾಲೀಮಿನ ದಿನ ಸಖಿಯ ಪಾತ್ರದ ಹುಡುಗಿಯೊಬ್ಬಳು ಎದ್ದುನಿಂತು, "ಸಾರ್, ಪ್ರಮೀಳೆ ಸೋಲಲೇಬೇಕೆ?" ಎಂದು ಕೇಳಿದಳು. "ಮೂಲದಲ್ಲಿ ಹಾಗಿದೆ, ಕುಳಿತುಕೋ" ಎಂದೆ.

ಆ ರಾತ್ರಿ ಮನಸ್ಸು ತಡೆಯದೆ ಲಕ್ಷ್ಮೀಶನ 'ಜೈಮಿನಿ ಭಾರತ'ವನ್ನು ತೆರೆದು ನೋಡಿದೆ. ಅಲ್ಲಿ ಹಾಗಿರಲಿಲ್ಲ! ಯಜ್ಞಾಶ್ವವನ್ನು ಕಟ್ಟಿಹಾಕಿದ ಪ್ರಮೀಳೆಯನ್ನು ಅರ್ಜುನ ಯುದ್ಧದಲ್ಲಿ ಗೆಲ್ಲುವುದಿಲ್ಲ. ಅಶರೀರವಾಣಿಯೊಂದು ಅವನನ್ನು ತಡೆದು, ಈಕೆಯನ್ನು ನೀನು ಜಯಿಸಲಾರೆ, ವರಿಸು ಎಂದು ತಿಳಿಹೇಳುತ್ತದೆ. ಅವಳನ್ನು ಸೋಲಿಸಿದ್ದು ಅರ್ಜುನನಲ್ಲ, ನಾನು. ಎಂ.ಎ. ಪದವಿಗಾಗಿ ಓದಿದ ಕಾವ್ಯವನ್ನು ನಾನು ಅಜ್ಜಿಯ ಕಣ್ಣಿನಿಂದ ಓದಿಕೊಂಡಿದ್ದೆ. ಮರುದಿನ ತರಗತಿಯಲ್ಲಿ ತಪ್ಪನ್ನು ಒಪ್ಪಿಕೊಂಡು ಕೊನೆಯ ದೃಶ್ಯವನ್ನು ತಿದ್ದಿದೆ. ಪಾತ್ರವನ್ನು ಪ್ರಶ್ನೆ ಕೇಳಿದ ಹುಡುಗಿಗೇ ಕೊಟ್ಟೆ. ನಮ್ಮ ರಂಗದ ಮೇಲೂ ಸೀರೆಯ ಪರದೆ ಗಾಳಿಗೆ ಅಲುಗಾಡಿತು. ಅದನ್ನು ಕಂಡು ನಕ್ಕವರಿಲ್ಲ.

ರಟ್ಟಿನ ಖಡ್ಗ ಹಿಡಿದ ಮಾತ್ರಕ್ಕೆ ಬಾಳಿನ ಯುದ್ಧ ಗೆದ್ದಂತಾಗುವುದೆ ಎಂದು ನೀವು ಕೇಳಬಹುದು. ಖಂಡಿತವಾಗಿ ಇಲ್ಲ. ನಸುಕಿನಲ್ಲೇ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ನಡೆಯುವ ನಮ್ಮೂರ ಮಹಿಳೆಯರಿಗೆ ಶಕ್ತಿಯ ಪಾಠವನ್ನು ಸಿನಿಮಾ ಕಲಿಸಬೇಕಾಗಿಲ್ಲ. ಚಿತ್ರದುರ್ಗದ ಓಬವ್ವ ಶತ್ರುಗಳನ್ನೆದುರಿಸಿದ್ದು ದಿನವೂ ಭತ್ತ ಕುಟ್ಟುವ ಒನಕೆಯಿಂದ. ದುಡಿಯುವ ಶಕ್ತಿ ಹೆಣ್ಣಿಗೆ ಎಂದೂ ಕಡಿಮೆಯಿರಲಿಲ್ಲ. ಆ ಶಕ್ತಿಯನ್ನು ತನ್ನ ಇಚ್ಛೆಯಂತೆ ಬಳಸಬಹುದೆಂಬ ಭಾವನೆಗೆ ಮಾತ್ರ ಎಡೆಯಿರಲಿಲ್ಲ. ಆ ಎಡೆಯನ್ನು ಕತೆಗಳು ಕೊಡಬಲ್ಲವು. ನೆಲದ ಟಿಕೆಟ್ಟಿನ ಕತೆಯೂ ಕೊಡಬಲ್ಲದು.

ಆದ್ದರಿಂದ ವಿದ್ಯಾರ್ಥಿಗಳೇ, ಇಂಥ ಚಿತ್ರವನ್ನು ನೋಡುವಾಗ ಕೋಟೆ ಅಲುಗಾಡಿತೆಂದು ನಗಬೇಡಿರಿ ಎಂದು ನಾನು ಹೇಳುವುದಿಲ್ಲ. ನಗು ಬಂದರೆ ನಗಿರಿ. ಆದರೆ ನಕ್ಕ ಬಳಿಕ, ಅವಳು ಯಾರಿಗಾಗಿ ಹೋರಾಡಿದಳು, ಕೊನೆಯಲ್ಲಿ ಗೆಲುವು ಯಾರ ಕೈಸೇರಿತು ಎಂಬುದನ್ನು ವಿಚಾರಿಸಿ ನೋಡಿರಿ. ಚಿತ್ರದ ಬೆಲೆ ಅದರಿಂದ ತಿಳಿಯುತ್ತದೆ.

ನನ್ನ ಅಕ್ಕ ಏಳನೆಯ ತರಗತಿಗೇ ಶಾಲೆ ಬಿಟ್ಟಳು. ಇಂದು ಅವಳ ಮೊಮ್ಮಗಳು ಶಾಲೆಯಲ್ಲಿ ಯಕ್ಷಗಾನ ಕಲಿಯುತ್ತಿದ್ದಾಳೆ. ಮೊನ್ನೆ ಅವಳ ಪ್ರದರ್ಶನಕ್ಕೆ ಅಕ್ಕನೊಡನೆ ಹೋಗಿದ್ದೆ. ಹುಡುಗಿ ಕಸೆ ಕಟ್ಟಿ, ಬಿಲ್ಲು ಹಿಡಿದು, ಚೆಂಡೆಯ ಪೆಟ್ಟಿಗೆ ಸರಿಯಾಗಿ ಹೆಜ್ಜೆಯಿಡುತ್ತ ರಂಗಸ್ಥಳಕ್ಕೆ ಬಂದಳು. ನಾನು ಅಕ್ಕನ ಕಡೆ ತಿರುಗಿ ಏನೋ ಹೇಳಹೋದೆ. ಅವಳು ಕಣ್ಣು ಕದಲಿಸದೆ, ಸುಮ್ಮನಿರು ಎಂದು ಕೈಸನ್ನೆ ಮಾಡಿದಳು.