ಮಾಸ್ತರರ ಗಾಡಿ ಮತ್ತು ನೀಲಿ ಹೊಗೆ

ಯಲಬುರ್ಗಾದ ಓಣಿಯೊಂದರಲ್ಲಿ ಮುಂಜಾನೆ ಆ ಹಳೆಯ ಅಂಬಾಸಿಡರ್ ಗಾಡಿ ಎದ್ದಿತೆಂದರೆ ಅಕ್ಕಪಕ್ಕದ ಮನೆಗಳ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು. ಗಾಡಿ 1986ರದು, ಒಡೆಯರು ನಿವೃತ್ತ ಶಾಲಾ ಮಾಸ್ತರರು. ಓಣಿಯ ಗರ್ಭಿಣಿಯರನ್ನೂ ವೃದ್ಧರನ್ನೂ ಅಪರಾತ್ರಿಯಲ್ಲಿ ಕೊಪ್ಪಳದ ಆಸ್ಪತ್ರೆಗೆ ಮುಟ್ಟಿಸಿದ ಗಾಡಿಯಾದ್ದರಿಂದ ಯಾರೂ ಬಾಯಿಬಿಟ್ಟು ದೂರಿರಲಿಲ್ಲ. ಆದರೆ ಶಾಲೆಗೆ ಹೊರಟ ಮಕ್ಕಳು ಮೂಗು ಮುಚ್ಚಿಕೊಂಡು ಓಡುವುದನ್ನು ಗಾಡಿಯ ಕನ್ನಡಿಯಲ್ಲಿ ಕಂಡ ದಿನ ಮಾಸ್ತರರ ಮನಸ್ಸು ಕುಗ್ಗಿತು. ಹೊಗೆ ತಪಾಸಣೆಯ ಪ್ರಮಾಣಪತ್ರದ ಅವಧಿಯೂ ಆ ವೇಳೆಗೆ ಮುಗಿಯುತ್ತ ಬಂದಿತ್ತು.

ಹಿತೈಷಿಗಳ ಸಲಹೆಗೆ ಕೊರತೆಯಿರಲಿಲ್ಲ. ದಪ್ಪನೆಯ ಆಯಿಲ್ ತುಂಬಿಸಿದರೆ ಹೊಗೆ ಅಡಗುವುದೆಂದು ಒಬ್ಬರು ಹೇಳಿದರು. ಗಾಡಿಯನ್ನು ಒಯ್ಯದೆಯೇ ಕಾಗದ ದೊರಕಿಸುವ ದಾರಿಯುಂಟೆಂದು ಮತ್ತೊಬ್ಬರು ಪಿಸುಗುಟ್ಟಿದರು. "ಕಾಪಿ ಹೊಡೀಬ್ಯಾಡ್ರಿ ಅಂತ ಮಕ್ಕಳಿಗೆ ಮೂವತ್ತು ವರ್ಷ ಹೇಳೀನಿ. ಈಗ ನಾನ ಹೊಡೀಲೇನು?" ಎಂದ ಮಾಸ್ತರರು ಗಂಗಾವತಿಯ ಹಳೆಯ ಮಿಸ್ತ್ರಿಯೊಬ್ಬರ ಬಳಿಗೆ ಗಾಡಿಯನ್ನು ನಡೆಸಿದರು.

ಮಿಸ್ತ್ರಿ ಪಾನಾ ಹಿಡಿಯುವ ಮೊದಲು ಸೈಲೆನ್ಸರಿನ ಹಿಂದೆ ಕುಳಿತರು. "ಮಾಸ್ತರ್ರೀ, ಮೊದಲ ಹೊಗಿ ಬಣ್ಣಾ ನೋಡಬೇಕ್ರಿ" ಎಂಬುದೇ ಅವರ ಮೊದಲ ಮಾತು. ಕಪ್ಪು ಹೊಗೆಯಾದರೆ ಗಾಳಿಗಿಂತ ಪೆಟ್ರೋಲು ಹೆಚ್ಚಾಗಿದೆಯೆಂದು ತಿಳಿಯಬೇಕು. ಎಂಜಿನ್ ಕಾದ ಮೇಲೂ ನಿಲ್ಲದ ದಟ್ಟ ಬಿಳಿ ಹೊಗೆಯಾದರೆ ರೇಡಿಯೇಟರಿನ ನೀರು ಒಳಗೆ ಸೇರುತ್ತಿರಬಹುದು. ನೀಲಿಯಾದರೆ ಎಂಜಿನ್ ಆಯಿಲ್ಲೇ ಉರಿಯುತ್ತಿದೆ. ನೀಲಿಯಲ್ಲಿಯೂ ಭೇದವುಂಟು. ಭಾರ ಹೊತ್ತು ಏರುವಾಗ ಒಂದೇ ಸಮನೆ ಹೊಮ್ಮಿದರೆ ಪಿಸ್ಟನ್ ರಿಂಗುಗಳು ಸವೆದಿರುವ ಸಂಭವ ಹೆಚ್ಚು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಬಂದು ಮತ್ತೆ ಒತ್ತಿದೊಡನೆ ಒಮ್ಮೆಗೇ ಉಗುಳಿದರೆ ವಾಲ್ವುಗಳ ರಬ್ಬರು ಸೀಲು ಗಡಸಾಗಿರುವುದು ಸಂಭವ.

ಅನುಮಾನವನ್ನು ಪರಿಹರಿಸಲು ಮಿಸ್ತ್ರಿ ಪ್ಲಗ್ಗುಗಳನ್ನು ಬಿಚ್ಚಿ ಒಂದೊಂದು ಸಿಲಿಂಡರಿನ ಒತ್ತಡವನ್ನು ಅಳೆದರು. ಬಳಿಕ ಪ್ಲಗ್ಗಿನ ರಂಧ್ರದಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದರು. ರಿಂಗು ಸವೆದಿದ್ದರೆ ಆಯಿಲ್ ಆ ಸಂದನ್ನು ತುಂಬಿ ಒತ್ತಡ ಎದ್ದು ಕಾಣುವಷ್ಟು ಏರುತ್ತದೆ. ಇಲ್ಲಿ ಮೊದಲೇ ಚೆನ್ನಾಗಿದ್ದ ಒತ್ತಡ ಹೆಚ್ಚೇನೂ ಏರಲಿಲ್ಲ. ರಿಂಗುಗಳು ಗಟ್ಟಿಯಾಗಿವೆ, ದೋಷ ಸೀಲುಗಳದು ಎಂದು ತೀರ್ಮಾನವಾಯಿತು. ಎಂಜಿನ್ ಇಳಿಸುವ ಭಾರಿ ಖರ್ಚು ತಪ್ಪಿತು.

ತಪಾಸಣೆಯ ಯಂತ್ರ ಪೆಟ್ರೋಲು ಗಾಡಿಯ ಹೊಗೆಯ ಬಣ್ಣವನ್ನು ನೋಡುವುದಿಲ್ಲ. ನಿಂತಲ್ಲೇ ಓಡುವ ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಮತ್ತು ಉರಿಯದೆ ಉಳಿದ ಹೈಡ್ರೋಕಾರ್ಬನ್ ಎಷ್ಟೆಂದು ಅಳೆಯುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೆಯ ನಿಯಮದಂತೆ, ಭಾರತ್ ಸ್ಟೇಜ್ 2ಕ್ಕೂ ಹಿಂದಿನ ಕಾರುಗಳಿಗೆ ಮೊದಲನೆಯದು ಶೇಕಡ 3ನ್ನೂ ಎರಡನೆಯದು ಹತ್ತು ಲಕ್ಷ ಭಾಗಗಳಲ್ಲಿ 1500ನ್ನೂ ಮೀರಬಾರದು. ಆಯಿಲ್ ಉರಿಸುವ ಗಾಡಿ ಎಡವುವುದು ಸಾಮಾನ್ಯವಾಗಿ ಎರಡನೆಯದರಲ್ಲಿ. ಸೂರ್ಯನ ಬಿಸಿಲಿನಲ್ಲಿ ಇದೇ ಹೈಡ್ರೋಕಾರ್ಬನ್ ನೈಟ್ರೋಜನ್ ಆಕ್ಸೈಡುಗಳೊಡನೆ ಸೇರಿ ಕಣ್ಣುರಿಸುವ ಮಬ್ಬಾಗುವುದೆಂದು 1950ರ ದಶಕದ ಆದಿಯಲ್ಲಿ ಲಾಸ್ ಏಂಜಲಿಸಿನ ಗಾಳಿಯನ್ನು ಪರೀಕ್ಷಿಸಿ ತೋರಿಸಿದವರು ಹಾಗೆನ್ ಸ್ಮಿಟ್ ಎಂಬ ವಿಜ್ಞಾನಿ.

ಸೀಲುಗಳನ್ನು ಬದಲಿಸಿದ ಮೇಲೆ ಉಳಿದ ಕೆಲಸಗಳು ಕ್ರಮವಾಗಿ ನಡೆದವು. ಎಣ್ಣೆ ಹಿಡಿದು ಕರ್ರಗಾದ ಪ್ಲಗ್ಗುಗಳಿಗೆ ಬದಲಾಗಿ ಹೊಸವು ಬಂದವು. ಪೆಟ್ರೋಲು ಬೆರೆತು ತೆಳ್ಳಗಾದ ಹಳೆಯ ಆಯಿಲ್ಲಿನ ಆವಿಯೂ ಎಂಜಿನ್ ಒಳಗೆಳೆಯುವ ಗಾಳಿಯಲ್ಲಿ ಸೇರಿ ಲೆಕ್ಕ ಕೆಡಿಸುವುದರಿಂದ ಅದನ್ನು ಸುರಿದು ಹೊಸದನ್ನು ತುಂಬಿದರು. ಕಾರ್ಬುರೇಟರಿನ ತಿರುಪನ್ನು ಕಡೆಗೆ ಮುಟ್ಟಿದರು. ಅದನ್ನು ತಿರುಗಿಸಿ ಪೆಟ್ರೋಲನ್ನು ಕಡಮೆ ಮಾಡಿದರೆ ಕಾರ್ಬನ್ ಮೊನಾಕ್ಸೈಡ್ ಇಳಿಯುತ್ತದೆ, ಅತಿಯಾಗಿ ಕಡಮೆ ಮಾಡಿದರೆ ಎಂಜಿನ್ ತಪ್ಪಿ ಉರಿದು ಹೈಡ್ರೋಕಾರ್ಬನ್ ಏರುತ್ತದೆ. ಹದವರಿಯದ ಕೈ ಒಂದನ್ನು ಉಳಿಸಿ ಇನ್ನೊಂದನ್ನು ಕೆಡಿಸೀತು. ಪರೀಕ್ಷೆಗೆ ಮುನ್ನ ಗಾಡಿಯನ್ನು ಅರ್ಧ ಗಂಟೆ ಓಡಿಸಿ ಎಂಜಿನ್ನನ್ನು ಚೆನ್ನಾಗಿ ಕಾಯಿಸಬೇಕೆಂಬುದು ಮಿಸ್ತ್ರಿಯ ಕೊನೆಯ ಆಜ್ಞೆ. ತಣ್ಣನೆಯ ಎಂಜಿನ್ ಪೆಟ್ರೋಲನ್ನು ಪೂರ್ತಿ ಉರಿಸಲಾರದು.

ಎರಡೂ ಅಂಕಿಗಳು ಮಿತಿಯೊಳಗೆ ನಿಂತವು. ಪ್ರಮಾಣಪತ್ರ ದೊರೆತುದು ಆರು ತಿಂಗಳಿಗೆ; ವರ್ಷದ ಅವಧಿಯೇನಿದ್ದರೂ ಭಾರತ್ ಸ್ಟೇಜ್ 4 ಮತ್ತು ಅದರ ಮುಂದಿನ ಗಾಡಿಗಳಿಗೆ ಮಾತ್ರ.

ಇಷ್ಟು ವರ್ಷವಾದರೂ ರಿಂಗುಗಳು ಸವೆಯದೆ ಉಳಿದುದು ಹೇಗೆಂದು ಮಾಸ್ತರರು ಕೇಳಿದರು. ಮಿಸ್ತ್ರಿ ಗಾಳಿಯ ಫಿಲ್ಟರನ್ನು ತೋರಿಸಿದರು. ಮಾಸ್ತರರು ಅದನ್ನು ತಪ್ಪದೆ ಶುದ್ಧವಾಗಿಟ್ಟಿದ್ದರು. ಕುಷ್ಟಗಿ ಕಡೆಯ ಕಲ್ಲುಗಣಿಗಳ ಪುಡಿ, ಕೊಪ್ಪಳದ ಬಯಲಿನ ಮಣ್ಣು, ಬೇಸಗೆಯ ಗಾಳಿ ಇವೆಲ್ಲವೂ ಹರಿದ ಫಿಲ್ಟರಿನ ಮೂಲಕ ಒಳನುಗ್ಗಿದರೆ ಸಿಲಿಂಡರನ್ನು ಉಪ್ಪುಕಾಗದದಂತೆ ಉಜ್ಜಿ ಸವೆಸುತ್ತವೆ. ಅಗ್ಗದ ಫಿಲ್ಟರು ಎಂಜಿನ್ನನ್ನೇ ಕಾಯ್ದಿತ್ತು.

ಮರುದಿನ ಮುಂಜಾನೆ ಗಾಡಿ ಎದ್ದಾಗ ಅಭ್ಯಾಸಬಲದಿಂದ ಒಂದೆರಡು ಕಿಟಕಿಗಳು ಮುಚ್ಚಿದವು. ವಾರ ಕಳೆಯುವಷ್ಟರಲ್ಲಿ ಅವೂ ತೆರೆದೇ ಉಳಿದವು. ಪ್ರಮಾಣಪತ್ರವನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟಿದ್ದ ಮಾಸ್ತರರಿಗೆ ತಾವು ನಿಜವಾಗಿ ತೇರ್ಗಡೆಯಾದ ಸಂತೋಷವಾದುದು ಆ ದಿನವೇ.